ಹನಿ ಬೀಳದ ಸೋರಿಕೆ

ಇಳಿಜಾರು ಬೀದಿಯ ತುದಿಯಲ್ಲಿದ್ದ ಆ ಗ್ಯಾರೇಜಿಗೆ ದೊಡ್ಡದೊಂದು ಬೋರ್ಡಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಮೂಗು ಮೇಸ್ತ್ರಿಯ ಗ್ಯಾರೇಜು. ಗಾಡಿ ಬಂದು ಬಾಗಿಲಲ್ಲಿ ನಿಲ್ಲುವಷ್ಟರಲ್ಲಿ ಮೇಸ್ತ್ರಿ ಒಮ್ಮೆ ಮೂಗೆಳೆದು, "ಕ್ಲಚ್ ಸುಟ್ಟಿದೆ" ಎಂದೋ, "ಸೈಲೆನ್ಸರ್ ಮೇಲೆ ಆಯಿಲ್ ತೊಟ್ಟಿಕ್ತಿದೆ" ಎಂದೋ ಹೇಳಿಬಿಡುತ್ತಿದ್ದರು. ಬಾನೆಟ್ ಎತ್ತಿದರೆ ಅವರು ಹೇಳಿದ್ದೇ ಇರುತ್ತಿತ್ತು.

ಹೋದ ವರ್ಷ ಬಂದ ಕೆಟ್ಟ ಜ್ವರವೊಂದು ಆ ಮೂಗನ್ನು ಕಸಿದುಕೊಂಡಿತು. ಜ್ವರ ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಪೆಟ್ರೋಲು, ಸೋಪು, ಕಾಫಿ ಎಲ್ಲವೂ ಒಂದೇ ಆದವು. ಇದು ಗೊತ್ತಿದ್ದದ್ದು ಮಗಳೊಬ್ಬಳಿಗೇ. ಸ್ಪ್ಯಾನರುಗಳ ಸದ್ದಿನಲ್ಲೇ ಬೆಳೆದ ಅವಳು ಈಗ ಅಪ್ಪನ ಸಮಕ್ಕೆ ಕೆಲಸ ಮಾಡುತ್ತಿದ್ದಳು. ಆದರೆ ಗಾಡಿಗೆ ಏನಾಗಿದೆ ಎಂದು ಹೇಳುವ ಕೊನೆಯ ಮಾತು ಅಪ್ಪನದಾಗಿತ್ತು. ಗಿರಾಕಿಗಳು ಕಾಯುತ್ತಿದ್ದದ್ದೂ ಆ ಮಾತಿಗೇ.

ಒಂದು ಬೆಳಿಗ್ಗೆ ನರ್ಸಮ್ಮನ ಕಾರು ಹಗ್ಗ ಕಟ್ಟಿಸಿಕೊಂಡು ಎಳೆಸಿಕೊಂಡು ಬಂತು. ನರ್ಸಮ್ಮ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೀದಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ. ಆ ಹಳೇ ನೀಲಿ ಕಾರಿನಲ್ಲೇ ಎಷ್ಟೋ ಬಸುರಿಯರು ಗುಡ್ಡ ಹತ್ತಿದ್ದರು, ಎಷ್ಟೋ ಕೂಸುಗಳು ಇಳಿದು ಮನೆಗೆ ಬಂದಿದ್ದವು. ಮೇಸ್ತ್ರಿಯ ಮಗಳೂ ಅದರಲ್ಲೇ ಬಂದವಳು.

"ನಿನ್ನೆ ನನ್ನ ಮಾನ ಹೋಯ್ತು ಮೇಸ್ತ್ರಿ," ಎಂದರು ನರ್ಸಮ್ಮ. "ದರ್ಜಿ ಹೆಂಡ್ತೀನ ಹೆರಿಗೆಗೆ ಕರ್ಕೊಂಡು ಹೋಗ್ತಿದ್ದೆ. ಏರು ಅರ್ಧ ಹತ್ತಿರ್ಲಿಲ್ಲ, ಬಿಸಿ ತೋರ್ಸೋ ಮುಳ್ಳು ಕೆಂಪು ಗೆರೆ ದಾಟ್ತು, ಬಾನೆಟ್ಟಿಂದ ಹಬೆ. ಹಿಂದೆ ಒಂದು ಹಾಲಿನ ವ್ಯಾನ್ ಬಂತು, ಅದರಲ್ಲಿ ಕಳಿಸ್ದೆ. ತಾಯಿ, ಮಗು ಇಬ್ರೂ ಚೆನ್ನಾಗಿದಾರೆ. ಆದ್ರೆ ಆ ವ್ಯಾನ್ ಬರದೇ ಇದ್ದಿದ್ರೆ?"

ಮೇಸ್ತ್ರಿ ಬಾನೆಟ್ ಎತ್ತಿದರು. ಇಂಜಿನ್ ತಣ್ಣಗಿತ್ತು. ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗೆ ಇಂಜಿನ್ ತಣಿಸುವ ನೀರು, ಕೂಲೆಂಟ್, ತಳ ಕಂಡಿತ್ತು. ತುಂಬಿಸಿ, ಇಂಜಿನ್ ಶುರು ಮಾಡಿಸಿ ನೋಡಿದರು. ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಎದ್ದವು. ಬಗ್ಗಿ ಕಾರಿನಡಿ ನೋಡಿದರು. ನೆಲ ಒಣಗಿತ್ತು.

"ಕೆಳಗೆ ಸೋರ್ತಿಲ್ಲ, ಮೇಲೆ ಗುಳ್ಳೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ನರ್ಸಮ್ಮಾ. ನೀರನ್ನ ಇಂಜಿನ್ನೇ ಕುಡೀತಿದೆ. ಪೂರ್ತಿ ಬಿಚ್ಚಬೇಕು."

"ಪೂರ್ತಿ ಬಿಚ್ಚೋ ವಯಸ್ಸಾ ಇದರದ್ದು? ಗುಜರಿಗೆ ಕೊಡು ಅಂತ ಮನೇಲೂ ಪ್ರಾಣ ತಿಂತಿದಾರೆ," ಎಂದು ನರ್ಸಮ್ಮ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಮಗಳು ಆಯಿಲ್ ಕಡ್ಡಿ ಎಳೆದು ಬಟ್ಟೆಗೆ ಒರೆಸಿ ನೋಡುತ್ತಿದ್ದಳು. ಎಣ್ಣೆಗೆ ನೀರು ಸೇರಿದ್ದರೆ ಹಾಲು ಬೆರೆಸಿದ ಹಾಗೆ ಕಾಣಬೇಕಿತ್ತು. ಅದು ಚೊಕ್ಕವಾಗಿತ್ತು. ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬರುತ್ತಿರಲಿಲ್ಲ.

"ಅಪ್ಪಾ, ಬಿಚ್ಚೋಕೆ ಮುಂಚೆ ಒಂದ್ಸಲ ಗಾಳಿ ಪಂಪು ಹಾಕಿ ಸೋರಿಕೆ ನೋಡ್ಲಾ?"

ಗಿರಾಕಿಯ ಮುಂದೆ ಮಗಳು ಹೀಗೆ ಅಡ್ಡ ಬಂದದ್ದು ಅದೇ ಮೊದಲು. ಮೇಸ್ತ್ರಿಯ ಹುಬ್ಬು ಮೇಲೇರಿತು. "ನಾನು ಹೇಳಿದ್ಮೇಲೂ ನೋಡ್ಬೇಕಾ?"

"ನೋಡ್ತೀನಿ," ಎಂದಳು ಅವಳು. ದನಿ ಎತ್ತಲಿಲ್ಲ, ಕಣ್ಣು ತಗ್ಗಿಸಲೂ ಇಲ್ಲ.

ಇಂಜಿನ್ ತಣಿಯುವವರೆಗೆ ಕಾದು, ರೇಡಿಯೇಟರಿನ ಬಾಯಿಗೆ ಕೈಪಂಪನ್ನು ಬಿಗಿದು ಗಾಳಿ ತುಂಬಿದಳು. ಪಂಪಿನ ಮೇಲಿದ್ದ ಮುಳ್ಳು ಏರಿ ನಿಂತಿತು. ಒಂದು ಗಳಿಗೆ ಕಳೆದು, ಕಳ್ಳಹೆಜ್ಜೆ ಇಟ್ಟಂತೆ ಕೆಳಗಿಳಿಯತೊಡಗಿತು. ಸೋರಿಕೆಯಂತೂ ಇತ್ತು. ಅವಳು ಟಾರ್ಚ್ ಹಿಡಿದು ಒಂದೊಂದೇ ರಬ್ಬರ್ ಹೋಸ್ ಪೈಪನ್ನು ಹಿಂಡಿ ನೋಡಿದಳು. ಇಂಜಿನ್ನಿನ ಹಿಂಬದಿಗೆ ಕನ್ನಡಿ ಹಿಡಿದಳು. ವಾಟರ್ ಪಂಪಿನ ಅಡಿಗೆ ಬೆರಳು ಸವರಿದಳು. ಎಲ್ಲೂ ತೇವವಿಲ್ಲ.

"ಹೊರಗಿಲ್ಲ ಅಂದ್ಮೇಲೆ ಒಳಗೇ," ಎಂದರು ಮೇಸ್ತ್ರಿ, ಗೆದ್ದವರಂತೆ.

ಮಗಳು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಬಟ್ಟೆಯ ಮೇಲಿಟ್ಟಳು. ಒಂದರ ತುದಿಯೂ ಒದ್ದೆಯಾಗಿರಲಿಲ್ಲ. "ಇಂಜಿನ್ ನೀರು ಕುಡಿದಿದ್ರೆ ಇವು ಒದ್ದೆ ಇರ್ಬೇಕಲ್ಲಪ್ಪಾ?"

ಮೇಸ್ತ್ರಿ ಒಂದು ಪ್ಲಗ್ಗನ್ನು ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿ ಮತ್ತೆ ಇಟ್ಟರು.

ಅವಳು ನರ್ಸಮ್ಮನ ಎದುರು ಕುಕ್ಕರಗಾಲಲ್ಲಿ ಕುಳಿತಳು. "ನಿನ್ನೆ ಕಾರಲ್ಲಿ ಏನೇನಾಯ್ತು, ಮೊದಲಿಂದ ಹೇಳಿ. ಸಣ್ಣದಾದ್ರೂ ಪರವಾಗಿಲ್ಲ."

"ಏನಾಗ್ಬೇಕೇ? ಚಳಿ ಇತ್ತು, ಹೀಟರ್ ಹಾಕ್ದೆ. ಮುಂದಿನ ಗಾಜು ಒಳಗಡೆಯಿಂದ ಮಬ್ಬಾಯ್ತು. ಒರೆಸಿದ್ರೆ ಜಿಡ್ಡು ಜಿಡ್ಡು. ಆ ಹುಡುಗಿ ಬೇರೆ ಸಕ್ಕರೆ ಪಾಕದ ವಾಸನೆ, ಹೊಟ್ಟೆ ತೊಳಸ್ತಿದೆ ಅಂತ ಒಂದೇ ಗೋಳು. ಬಸುರಿಗೆ ಯಾವ ವಾಸನೆ ತಾನೇ ಆಗುತ್ತೆ ಅಂತ ಕಿಟಕಿ ಇಳಿಸ್ದೆ."

"ಆ ವಾಸನೆ ನಿಮಗೆ ಬರ್ಲಿಲ್ವಾ?"

"ನಂಗೆ ನೆಗಡಿ ಕಣೇ, ವಾರದಿಂದ."

ಮಗಳು ತಟ್ಟನೆ ಎದ್ದಳು. ಮುಂದಿನ ಬಾಗಿಲು ತೆರೆದು, ಮಂಡಿಯೂರಿ, ತಲೆಯನ್ನು ಕಾಲಿಡುವ ಜಾಗಕ್ಕೆ ಇಳಿಸಿ ಉಸಿರೆಳೆದಳು. ರಬ್ಬರ್ ಚಾಪೆ ಎತ್ತಿದಳು, ಅದರ ಕೆಳಗಿನ ಕಾರ್ಪೆಟ್ ಒಣಗಿದ ಹಾಗೇ ಇತ್ತು. ಅದನ್ನೂ ಅಂಚಿನಿಂದ ಕಿತ್ತು ಮಡಚಿದಳು. ಅಡಿಯ ದಪ್ಪ ಹಾಸು ನೆನೆದ ರೊಟ್ಟಿಯಂತಾಗಿತ್ತು. ಒತ್ತಿದರೆ ಬೆರಳ ಸಂದಿಯಿಂದ ಹಸಿರು ನೀರು ಹರಿಯಿತು.

"ಸಿಕ್ತು!" ಎಂದು ಅವಳು ಕೂಗಿದ್ದು ಪಕ್ಕದ ಅಂಗಡಿಗೂ ಕೇಳಿಸಿತು. "ಹೀಟರ್ ಒಳಗಿನ ಸಣ್ಣ ರೇಡಿಯೇಟರ್ ಸೋರ್ತಿದೆ ಅಪ್ಪಾ! ನೀರು ಕಾರಿನ ಹೊಟ್ಟೆಯೊಳಗೇ ಬೀಳ್ತಿದೆ, ಅದಕ್ಕೇ ನೆಲದ ಮೇಲೆ ಹನಿ ಇಲ್ಲ. ಆ ಪಾಕದ ವಾಸನೆ, ಗಾಜಿನ ಜಿಡ್ಡು ಎರಡೂ ಕೂಲೆಂಟಿಂದೇ. ಕೂಲೆಂಟ್ ಕಮ್ಮಿಯಾಗಿ ಗಾಳಿ ಸೇರ್ಕೊಂಡಿದೆ. ಆ ಗುಳ್ಳೆ ಅದೇ ಗಾಳಿ!"

ಮೇಸ್ತ್ರಿ ನಿಧಾನವಾಗಿ ಬಗ್ಗಿ ನೆನೆದ ಆ ಹಾಸಿನ ಬಳಿಗೆ, ಮೂಗು ತಾಗುವಷ್ಟು ಹತ್ತಿರ ಹೋದರು. ಉಸಿರೆಳೆದರು. ಇನ್ನೊಮ್ಮೆ ಎಳೆದರು. ಏನೂ ಇಲ್ಲ. ಎದ್ದು ನಿಂತಾಗ ಅವರ ಮುಖದಲ್ಲಿ ಏನೋ ಕಳಚಿ ಬಿದ್ದಂತಿತ್ತು. ಆದರೆ ಮಗಳ ಹಸಿರು ಕೈ ನೋಡುತ್ತಿದ್ದ ಹಾಗೆ ಅಲ್ಲಿ ಬೇರೊಂದು ಬೆಳಕು ಮೂಡಿತು.

"ನರ್ಸಮ್ಮಾ, ನಂಗೆ ವಾಸನೆ ಬರಲ್ಲ. ವರ್ಷವಾಯ್ತು. ಇವಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಇವಳು ಇರ್ಲಿಲ್ಲ ಅಂದಿದ್ರೆ ಗಟ್ಟಿಮುಟ್ಟಾಗಿರೋ ಇಂಜಿನ್ನಿನ ಹೊಟ್ಟೆ ಇವತ್ತು ಸೀಳಿರ್ತಿದ್ದೆ."

"ಅಪ್ಪಾ, ಬಿಡಿ."

"ಯಾಕೆ ಬಿಡ್ಲಿ? ಸೋತಿದ್ದೀನಿ, ಅದೂ ಮನೆ ಮಗಳ ಕೈಲಿ. ಊರಿಗೆಲ್ಲ ಹೇಳ್ತೀನಿ!" ಎಂದು ಅವರು ಎದೆಯುಬ್ಬಿಸಿ ನಕ್ಕರು.

ಅಂದು ಅಪ್ಪ, ಮಗಳು ಸೇರಿ ಡ್ಯಾಶ್‌ಬೋರ್ಡನ್ನು ಬಿಚ್ಚಿ ಹಿಂದಿನ ಸೀಟಿಗೆ ಒರಗಿಸಿದರು. ಒಳಗಿಂದ ಬಂದ ಆ ಸಣ್ಣ ರೇಡಿಯೇಟರ್ ಪುಸ್ತಕದಷ್ಟು ಅಗಲದ ಹಿತ್ತಾಳೆಯ ಪೆಟ್ಟಿಗೆ. ಗಾಳಿ ಊದಿ ಬಕೆಟ್ಟಿನ ನೀರಿಗೆ ಇಳಿಸಿದಾಗ ಮೂಲೆಯೊಂದರಿಂದ ಸಾಸಿವೆಯಂಥ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಅಷ್ಟು ಹಳೇ ಕಾರಿಗೆ ಹೊಸದು ಸಿಗುವ ಮಾತಿರಲಿಲ್ಲ.

"ಇದು ನಿಮ್ಮ ಕೆಲಸ," ಎಂದು ಮಗಳು ಬೆಸುಗೆ ಕಡ್ಡಿಯನ್ನು ಅಪ್ಪನ ಕೈಗೆ ಕೊಟ್ಟಳು. ಆ ಕೈ ಇನ್ನೂ ನಡುಗುತ್ತಿರಲಿಲ್ಲ. ಮೇಸ್ತ್ರಿ ಮೂಲೆಯನ್ನು ಉಜ್ಜಿ ಹೊಳೆಯಿಸಿ, ಜ್ವಾಲೆ ತಾಗಿಸಿ, ಕರಗಿದ ಬೆಳ್ಳಿಬಣ್ಣದ ಬೆಸುಗೆಯನ್ನು ಒಂದೇ ಸಲಕ್ಕೆ ಬಿರುಕಿನುದ್ದಕ್ಕೂ ಹರಿಸಿದರು. ಮತ್ತೆ ನೀರಿಗಿಳಿಸಿದಾಗ ಬಕೆಟ್ ಕನ್ನಡಿಯಂತೆ ಸುಮ್ಮನಿತ್ತು. ಮಗಳು ಆ ಬೆಸುಗೆಯ ಗೆರೆಯ ಮೇಲೆ ಬೆರಳಾಡಿಸಿ, "ನಂಗಿನ್ನೂ ಇಷ್ಟು ನೀಟಾಗಿ ಬರಲ್ಲ," ಎಂದಳು. ಅದು ನಿಜವೂ ಆಗಿತ್ತು.

ಮರುದಿನ ಎಲ್ಲವನ್ನೂ ಜೋಡಿಸಿ, ಕಾರಿನ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಕೂಲೆಂಟ್ ತುಂಬಿ, ಒಳಗಿದ್ದ ಗಾಳಿ ಪೂರ್ತಿ ಹೋಗುವವರೆಗೆ ಇಂಜಿನ್ ಓಡಿಸಿದರು. ಗುಳ್ಳೆಗಳು ನಿಂತವು. ತಣಿದ ಮೇಲೆ ಪಂಪು ಬಿಗಿದು ಗಾಳಿ ತುಂಬಿದಾಗ ಮುಳ್ಳು ಏರಿದಲ್ಲೇ ನಿಂತಿತು.

"ಈಗ ಗುಡ್ಡ," ಎಂದರು ನರ್ಸಮ್ಮ, ಸ್ಟೀರಿಂಗ್ ಹಿಡಿದು ಕುಳಿತು. "ದರ್ಜಿ ಹೆಂಡ್ತಿ, ಮಗು ಇವತ್ತು ಮನೆಗೆ ಬರ್ತಾರೆ. ನಾನೇ ಕರ್ಕೊಂಡು ಬರ್ಬೇಕು. ಇನ್ಯಾರ ಗಾಡೀಲೂ ಬೇಡ."

ಮೇಸ್ತ್ರಿ ಅವರ ಪಕ್ಕದಲ್ಲಿ, ಮಗಳು ಹಿಂದೆ. ಹೀಟರನ್ನು ಬೇಕೆಂದೇ ಹಾಕಿಸಿದಳು. ಏರು ಶುರುವಾಯಿತು, ನರ್ಸಮ್ಮ ಗೇರು ಇಳಿಸಿದರು, ಇಂಜಿನ್ ಗುರುಗುಟ್ಟಿತು. ಮೂವರ ಕಣ್ಣೂ ಒಂದೇ ಮುಳ್ಳಿನ ಮೇಲೆ. ಅದು ನಡುವಿಗೆ ಬಂದು ಮನೆ ಸೇರಿದಂತೆ ನಿಂತುಬಿಟ್ಟಿತು. ಗಾಜು ತಿಳಿಯಾಗಿತ್ತು.

"ವಾಸನೆ?" ಎಂದು ಮೇಸ್ತ್ರಿ ಹಿಂದೆ ತಿರುಗಿ ಕೇಳಿದರು.

"ಏನೂ ಇಲ್ಲ. ಬೆಸುಗೆ ಗಟ್ಟಿಯಾಗಿದೆ ಮೇಸ್ತ್ರಿಗಳೇ," ಎಂದಳು ಮಗಳು.

ಆಸ್ಪತ್ರೆಯ ಗೇಟಿನ ಮುಂದೆ ಟೆಂಪೋ ಒಂದು ಹಬೆ ಉಗುಳುತ್ತ ನಿಂತಿತ್ತು. ಚಾಲಕ ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೊರಟಿದ್ದ.

ಕಾರು ಸರಿಯಾಗಿ ನಿಲ್ಲುವ ಮೊದಲೇ ಮೇಸ್ತ್ರಿ ಇಳಿದು ಓಡಿದರು. "ಏಯ್, ಮುಟ್ಟಬೇಡ! ಮುಖ ಬೆಂದುಹೋಗುತ್ತೆ. ಮೊದ್ಲು ತಣೀಲಿ."

"ನೀವು ಮೆಕ್ಯಾನಿಕ್ಕಾ? ಏನಾಗಿದೆ ಸ್ವಲ್ಪ ನೋಡ್ತೀರಾ?"

ಮೇಸ್ತ್ರಿ ಹಿಂದಕ್ಕೆ ತಿರುಗಿದರು. ಮಗಳು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬರುತ್ತಿದ್ದಳು.

"ನೋಡೋರು ಬರ್ತಿದಾರೆ," ಎಂದರು ಮೇಸ್ತ್ರಿ, ಗೇಟಿನಲ್ಲಿದ್ದವರಿಗೆಲ್ಲ ಕೇಳುವಂತೆ. "ಅವಳು ಹೇಳಿದ್ದೇ ಕೊನೇ ಮಾತು. ನನ್ನ ಮಗಳು."