ಅತ್ತೆ ಸೊಸೆ ನೋಡಿದ ಸಿನಿಮಾ

‘ಹೊಳೆ ದಾಟಿದ ಹುಡುಗಿ’ ಸಿನಿಮಾ ದಾವಣಗೆರೆಯಲ್ಲಿ ತೆರೆಕಂಡ ಮೂರನೇ ದಿನದಿಂದ ಅಂಬಿಕಾಳ ಹತ್ತಿರ ಬ್ಲೌಸ್ ಹೊಲಿಸುವವರು ಹೆಚ್ಚಾದರು. ಸರಸ್ವತಿ ನಗರದ ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಬಂದವರು ಅಳತೆ ಕೊಟ್ಟ ಮೇಲೂ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು.

ಕೊನೆಗೆ ಎದುರು ಮನೆಯ ಚೌಡೇಶ್ವರಿ ಬಾಯಿ ಬಿಟ್ಟಳು. “ಸಿನಿಮಾ ನೋಡಿದ್ಯೇನೆ ಅಂಬಿಕಾ? ಅದೇ ಹರಿಹರದ ಸೇತುವೆ, ಅದೇ ಹೊಳೆ. ಹುಡುಗಿ ಹುಡುಗನ್ನ ನೀರಿಗೆ ತಳ್ತಾಳೆ. ಸತ್ಯ ಘಟನೆ ಅಂತ ಪೋಸ್ಟರ್‌ನಾಗೇ ಹಾಕ್ಯಾರೆ ನೋಡು.”

ಅಂಬಿಕಾ ಕತ್ತರಿ ಕೆಳಗಿಟ್ಟು, “ಟೈಮ್ ಎಲ್ಲೈತಕ್ಕ” ಎಂದಳು. ಚೌಡೇಶ್ವರಿ ಹೋದ ಮೇಲೆ ಒಂದು ತೋಳನ್ನು ಉಲ್ಟಾ ಹೊಲಿದು ಮತ್ತೆ ಬಿಚ್ಚಿದಳು.

ಆರು ವರ್ಷದ ಹಿಂದಿನ ಮಾತು. ಹದಡಿಯ ಸಿದ್ದು ಎಂಬ ಹುಡುಗ ದಾವಣಗೆರೆಯಲ್ಲಿ ಅಬ್ರಾರ್ ಎಂಬುವರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಬಿಕಾ ಒಡೆದ ಫೋನು ಹಿಡಿದು ಅಲ್ಲಿಗೆ ಹೋಗಿದ್ದೇ ನೆವವಾಗಿ ಇಬ್ಬರಿಗೂ ಮನಸ್ಸು ಬೆಸೆದಿತ್ತು. ಮದುವೆಯ ಮಾತು ಮನೆಯಲ್ಲಿ ಯಾವಾಗ ಎತ್ತಬೇಕೆಂಬುದಕ್ಕೆ ಒಂದು ಭಾನುವಾರ ಹರಿಹರದ ಹೊಳೆ ದಂಡೆಯಲ್ಲಿ ಇಬ್ಬರೂ ಜಗಳವಾಡಿದರು. ಅವಳು ಸಿಟ್ಟಿನಲ್ಲಿ ಬಸ್ಸು ಹತ್ತಿ ಬಂದುಬಿಟ್ಟಳು. ಎರಡು ದಿನದ ಮೇಲೆ ಸಿದ್ದುವಿನ ಹೆಣ ಕೆಳಗಿನ ಮಡುವಿನಲ್ಲಿ ತೇಲಿತು. ಅವನ ಫೋನಿನಲ್ಲಿದ್ದ ಕೊನೆಯ ಕರೆ ಅವಳದು. ಎಂಟು ದಿನ ಅವಳು ಅಪ್ಪನ ಜೊತೆ ಠಾಣೆಗೆ ಹೋಗಿ ಕೇಳಿದ್ದನ್ನೇ ಕೇಳಿಸಿಕೊಂಡು, ಹೇಳಿದ್ದನ್ನೇ ಹೇಳಿದಳು. ಆಮೇಲೆ ತೆಪ್ಪದವನೊಬ್ಬ ಮುಂದೆ ಬಂದ. ಹುಡುಗ ಒಬ್ಬನೇ ಕಾಲು ತೊಳೆಯಲು ಮೆಟ್ಟಿಲಿಳಿದದ್ದನ್ನು ದೂರದಿಂದ ಕಂಡಿದ್ದೆ, ಈಜಲಿಕ್ಕೆ ಇಳಿದ ಅಂದುಕೊಂಡೆ ಎಂದ. ಕಾಲು ಜಾರಿ ಸತ್ತನೆಂದು ಕೇಸು ಮುಗಿಯಿತು. ಮಂದಿಯ ಬಾಯಲ್ಲಿ ಮಾತ್ರ ಮುಗಿಯಲಿಲ್ಲ.

ಎರಡು ವರ್ಷದ ಮೇಲೆ ಪರಶುರಾಮ್ ಅವಳನ್ನು ಮದುವೆಯಾದ. ನಿಜಲಿಂಗಪ್ಪ ಬಡಾವಣೆಯ ಹೊಸ ಮನೆಗಳಿಗೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಅವನು, ಮಿತಭಾಷಿ. ಹೆಣ್ಣು ನೋಡಲು ಬಂದ ದಿನ, “ಎಲ್ಲ ಗೊತ್ತೈತೆ. ಆ ಸುದ್ದಿ ನಮ್ಮನ್ಯಾಗ ಬ್ಯಾಡ” ಎಂದಿದ್ದ. ಕೊಟ್ಟ ಮಾತಿಗೆ ತಪ್ಪಲಿಲ್ಲ. ಅದು ಅವನ ಒಳ್ಳೆಯತನವೆಂದು ಅವಳಿಗೂ ಗೊತ್ತಿತ್ತು. ಆದರೂ ನಾಲ್ಕು ವರ್ಷ ಸಿದ್ದುವಿನ ಹೆಸರು ಅವಳ ನಾಲಿಗೆಯ ಮೇಲೆ ಬರಲೇ ಇಲ್ಲ.

ಸಿನಿಮಾದ ಗುಲ್ಲು ಪರಶುರಾಮನ ಕಿವಿಗೂ ಬಿದ್ದಿತ್ತು. “ನೋಡಬ್ಯಾಡ ಬಿಡು. ಎರಡು ವಾರಕ್ಕೆ ಎತ್ತಂಗಡಿ ಆಗ್ತೈತೆ” ಎಂದು ಉಪ್ಪಿಟ್ಟಿನ ತಟ್ಟೆ ಖಾಲಿ ಮಾಡಿ ಕೆಲಸಕ್ಕೆ ಹೋದ.

ಆದರೆ ಅದು ಎತ್ತಂಗಡಿ ಆಗುವ ಸಿನಿಮಾ ಆಗಿರಲಿಲ್ಲ. ಕಾಲೇಜು ಹುಡುಗರು ಎರಡೆರಡು ಸಲ ನೋಡುತ್ತಿದ್ದರು. ಪೊಲೀಸ್ ಪಾತ್ರದವನು ಹೇಳುವ “ಹೊಳೆಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ” ಎಂಬ ಮಾತನ್ನು ಓಣಿಯ ಹುಡುಗಿಯರೆಲ್ಲ ಫೋನಿನ ಮುಂದೆ ಕಣ್ಣು ಕಿರಿದು ಮಾಡಿ ಹೇಳಿ ರೀಲ್ಸ್ ಹಾಕುತ್ತಿದ್ದರು. ಬ್ಲೌಸ್ ಒಯ್ಯಲು ಬಂದ ಸ್ನೇಹಾ ಎಂಬ ಹುಡುಗಿ ಅಂಬಿಕಾಳ ಎದುರೇ ಅದನ್ನು ಗುನುಗಿದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು. ಅಂದು ಮಧ್ಯಾಹ್ನ ಅಂಬಿಕಾ ಹೊಲಿಗೆ ಕೋಣೆಯ ಬಾಗಿಲು ಮುಂದೆ ಮಾಡಿಬಿಟ್ಟಳು.

ಅವಳ ಅತ್ತೆ ನಾಗಕ್ಕ ಇದನ್ನೆಲ್ಲ ನಡುಮನೆಯಿಂದ ನೋಡುತ್ತಿದ್ದಳು. ಇಪ್ಪತ್ತು ವರ್ಷ ಹತ್ತಿ ಗಿರಣಿಯ ಸದ್ದಿನಲ್ಲಿ ದುಡಿದು ಕಿವಿ ಮಂದವಾಗಿತ್ತು. ಆದ್ದರಿಂದ ಅವಳ ಪಿಸುಮಾತೂ ಮೂರು ಮನೆಗೆ ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಒಗೆದ ಸೀರೆ ಉಟ್ಟು, ಚೀಲ ಹಿಡಿದು ಸೊಸೆಯ ಮುಂದೆ ನಿಂತಳು.

“ಏಳು. ಆ ಸಿನಿಮಾ ನೋಡ್ಕಂಡು ಬರಾಣ.”

“ಅತ್ತೆ, ಬ್ಯಾಡ.”

“ಮಂದಿ ಬಾಯಾಗ ಕೇಳಿ ಸಾಯೋಕ್ಕಿಂತ ಕಣ್ಣಾಗ ನೋಡೋದು ವಾಸಿ. ಇಲ್ಲಿ ನೋಡಿದ್ರೆ ಓಣಿಯವ್ರು ಸಿನಿಮಾ ಬಿಟ್ಟು ನಿನ್ನ ನೋಡ್ತಾರೆ. ಹರಿಹರಕ್ಕೆ ಹೋಗಾಣ. ಏಳು ಅಂದ್ನಲ್ಲ!”

ಹರಿಹರದ ಟಾಕೀಸಿನಲ್ಲಿ ಮ್ಯಾಟಿನಿಗೆ ಅರ್ಧದಷ್ಟು ಸೀಟು ತುಂಬಿದ್ದವು. ಅಂಬಿಕಾ ವೇಲನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆ ಪಕ್ಕದ ಸೀಟು ಹಿಡಿದಳು. ದೀಪ ಆರಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು.

“ಏನಂತೆ ಅದು?” ನಾಗಕ್ಕನಿಗೆ ಓದು ಬರುತ್ತಿರಲಿಲ್ಲ.

“ಈ ಕಥೆ, ಪಾತ್ರ ಎಲ್ಲ ಕಾಲ್ಪನಿಕ ಅಂತ.”

“ಹೊರಗೆ ಸತ್ಯ ಅಂತ ಬರ್ದಾರೆ, ಒಳಗೆ ಸುಳ್ಳು ಅಂತಾರೆ? ಬಾಳ ಶಾಣ್ಯಾರಿದಾರೆ!” ಎಂದಳು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಅಂಬಿಕಾ ಕಾದಳು. ಈಗ ಬರುತ್ತದೆ ಮೊಬೈಲ್ ಅಂಗಡಿ, ಈಗ ಬರುತ್ತಾನೆ ಅಪ್ಪ. ಯಾವುದೂ ಬರಲಿಲ್ಲ. ಸಿನಿಮಾದ ಹುಡುಗಿ ನಿಶಾ ದೊಡ್ಡ ಬಂಗಲೆಯವಳು, ಕೆಂಪು ಕಾರು ಓಡಿಸುವವಳು. ಹುಡುಗ ಜಿಮ್‌ನಲ್ಲಿ ಭಾರ ಎತ್ತುವವನು. ಮೂರು ಹಾಡಿನಲ್ಲಿ ಅವಳನ್ನು ಎತ್ತಿಕೊಂಡು ಕುಣಿದ. ನಿಶಾಳಿಗೆ ಇನ್ನೊಬ್ಬನ ಮೇಲೆ ಮನಸ್ಸು. ಅವರಿಬ್ಬರೂ ಸೇರಿ ಇವನನ್ನು ಮುಗಿಸುವ ಹಂಚಿಕೆ ಹಾಕುತ್ತಾರೆ. ಅಂಬಿಕಾಳ ಬದುಕಿನದು ಅಂತ ಅದರಲ್ಲಿದ್ದದ್ದು ಸೇತುವೆ ಮತ್ತು ಹೊಳೆಯ ಆ ಮೆಟ್ಟಿಲು, ಅಷ್ಟೇ.

ಆ ಮೆಟ್ಟಿಲ ಮೇಲೆಯೇ ನಿಶಾ ಹುಡುಗನನ್ನು ತಳ್ಳಿದಳು. ಅವನು ಮೂರು ನಿಮಿಷ ಮುಳುಗಿ ಎದ್ದು, ಮುಳುಗಿ ಎದ್ದು ಕೈ ಚಾಚಿದ. ಆರು ವರ್ಷ ಅಂಬಿಕಾ ನೆನೆಯದೆ ದೂರವಿಟ್ಟದ್ದು ಸಿದ್ದು ಮುಳುಗಿದ ಆ ಗಳಿಗೆಯನ್ನೇ. ಅವಳು ಕಣ್ಣು ಮುಚ್ಚಿದಳು. ನಾಗಕ್ಕ ಕತ್ತಲಲ್ಲೇ ಅವಳ ಕೈಯನ್ನು ತಡಕಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಹಿಂದಿನಿಂದ ಹೆಂಗಸೊಬ್ಬಳು, “ನಿನ್ನ ಕೈ ಸೇದಿ ಹೋಗ್ಲಿ ರಂಡೆ!” ಎಂದು ನಿಶಾಳಿಗೆ ಶಾಪ ಹಾಕಿದಳು. ಇಂಟರ್‌ವಲ್ ಎಂದು ದೀಪ ಹತ್ತಿತು.

ಜನ ಪಾಪ್‌ಕಾರ್ನ್‌ಗೆ ಎದ್ದರು. ಅತ್ತೆ ಸೊಸೆ ಮಾತ್ರ ಕೂತಲ್ಲೇ ಕೂತಿದ್ದರು. ನಾಗಕ್ಕ ಕೇಳಿದಳು:

“ನಿನ್ನ ಹುಡುಗ ಹೆಂಗಿದ್ದ?”

ಅಂಬಿಕಾಳಿಗೆ ಅರ್ಥವಾಗಲಿಲ್ಲ. “ಹೆಂಗೆ ಸತ್ತ ಅಂತಾನಾ?”

“ಹೆಂಗೆ ಸತ್ತ ಅಂತ ಊರೆಲ್ಲ ಹೇಳೈತೆ. ಹೆಂಗಿದ್ದ ಅಂತ ಕೇಳಿದೆ.”

ಠಾಣೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ತವರಲ್ಲೂ ಕೇಳಿರಲಿಲ್ಲ. ಅಂಬಿಕಾ ವೇಲು ಕೆಳಗಿಳಿಸಿದಳು. “ಕುಳ್ಳ ಇದ್ದ ಅತ್ತೆ. ನನಗಿಂತ ಒಂದು ಬೆರಳು ಕುಳ್ಳ. ಬೈಕ್ ಅಂದ್ರೆ ಹೆದರಿಕೆ. ಎಲ್ಲಿಗೆ ಹೋದ್ರೂ ಬಸ್ಸು. ನಕ್ಕರೆ ಕಣ್ಣು ಮುಚ್ಚಿ ಹೋಗೋವು. ರಿಪೇರಿಗೆ ಬಂದ ಫೋನ್ ಸರಿ ಹೋಗ್ಲಿಲ್ಲ ಅಂದ್ರೆ ಊಟ ಬಿಡ್ತಿದ್ದ, ಅದೇನೋ ಮನುಷ್ಯರ ಜೀವ ಅನ್ನಂಗೆ. ಅವತ್ತು ನಾನು… ‘ನಿನಗೆ ಧೈರ್ಯ ಇಲ್ಲ, ನಡಿ ಅತ್ಲಾಗೆ’ ಅಂದು ಬಂದೆ. ಆಮೇಲೆ ಬಸ್‌ನಾಗಿಂದ ಫೋನ್ ಮಾಡ್ದೆ. ಎತ್ತಿ, ‘ಅಳಬ್ಯಾಡ, ನಾಳೆನೇ ಅವ್ವಂಗೆ ಹೇಳ್ತೀನಿ’ ಅಂದ. ಅಷ್ಟೇ.”

ಅಳು ಉಕ್ಕಿ ಬಂತು. ನಾಗಕ್ಕ ಸುಮ್ಮನಿರು ಎನ್ನಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುವಿ ಕೊಟ್ಟಳು. “ಒಳ್ಳೆ ಹುಡುಗ ಇದ್ದ ಬಿಡು” ಎಂದಳು, ಈ ಸಲ ನಿಜವಾಗಿಯೂ ಮೆಲ್ಲಗೆ.

ಎರಡನೇ ಅರ್ಧದಲ್ಲಿ ನಿಶಾ ಸಿಕ್ಕಿಬಿದ್ದಳು. ಪೊಲೀಸಿನವನು ಹೊಳೆಯ ಮಾತು ಹೇಳಿದಾಗ ಟಾಕೀಸೆಲ್ಲ ಶಿಳ್ಳೆ. ಅಂಬಿಕಾಳಿಗೆ ಅಂಥ ಭಯವೇನೂ ಆಗಲಿಲ್ಲ. ಪರದೆಯ ಮೇಲಿದ್ದವಳು ಯಾರೋ, ಅವಳ ಪಾಪ ಯಾವುದೋ. ಕಥೆ ಮುಂದೇನಾಗುತ್ತದೋ ಎಂದು ಒಂದೆರಡು ಕಡೆ ಅವಳೂ ಸೀಟಿನ ತುದಿಗೆ ಬಂದಳು.

ಆಟ ಬಿಟ್ಟ ಮೇಲೆ ಹೊರಗೆ ಗುಂಪು ಗುಂಪಾಗಿ ಮಾತು. “ಹೀರೋಯಿನ್ ಆಕ್ಟಿಂಗ್ ಸೂಪರ್, ಆದ್ರೆ ಯಾಕ ಕೊಂದ್ಲು ಅಂತ ಸರಿಯಾಗಿ ಹೇಳ್ಲೇ ಇಲ್ಲ ನೋಡು” ಎಂದು ಇಬ್ಬರು ಹುಡುಗಿಯರು ವಾದಿಸುತ್ತಿದ್ದರು. ಪಂಚೆಯುಟ್ಟ ಹಿರಿಯರೊಬ್ಬರು ಜೊತೆಯವರಿಗೆ ಹೇಳುತ್ತಿದ್ದರು: “ನಮ್ಮೂರಾಗೇ ನಡ್ದಿದ್ದು ಇದು. ಹದಡಿ ಹುಡುಗನ್ನ ಯಾರೋ ದಾವಣಗೆರೆ ಹುಡುಗಿ ಹಿಂಗೇ ತಳ್ಳಿದ್ಲು.”

ಅಂಬಿಕಾ ದಾಟಿ ಹೋಗಬಹುದಿತ್ತು. ನಿಂತಳು. “ಇಲ್ಲ್ರಿ ಯಜಮಾನ್ರೆ. ಅವನನ್ನ ಯಾರೂ ತಳ್ಳಲಿಲ್ಲ. ಕಾಲು ತೊಳೆಯಾಕ ಇಳಿದು ಜಾರಿದ. ಅವನ ಹೆಸರು ಸಿದ್ದು.”

“ನಿಮಗೆಂಗೆ ಗೊತ್ತಮ್ಮ?”

“ಆ ದಾವಣಗೆರೆ ಹುಡುಗಿ ನಾನೇ ರೀ.”

ಹಿರಿಯರು ಹೆಗಲ ಮೇಲಿನ ಟವೆಲನ್ನು ಸರಿಪಡಿಸಿಕೊಂಡು, “ತಪ್ಪಾತು ತಾಯಿ. ಕೇಳಿದ್ದು ಹೇಳ್ದೆ” ಎಂದರು.

ಬಸ್ಸಿನಲ್ಲಿ ನಾಗಕ್ಕ ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಅಂಬಿಕಾ ಅವಳ ಕಿವಿಯ ಬಳಿ ಬಗ್ಗಿ, “ಅತ್ತೆ, ಅವನ ತಾಯಿ ಹದಡಿಯಾಗ ಇದಾಳೆ. ಈ ಸುದ್ದಿ ಅವಳಿಗೂ ಮುಟ್ಟಿರ್ತೈತೆ. ಒಂದ್ಸಲ ಹೋಗಿ ಬರ್ತೀನಿ” ಎಂದಳು. ನಾಗಕ್ಕ ಕಣ್ಣು ತೆರೆಯದೆ, “ನಾನೇ ಪರಶುಗೆ ಹೇಳ್ತೀನಿ” ಎಂದಳು.

ಏನು ಹೇಳಿದಳೋ, ಸೋಮವಾರ ಪರಶುರಾಮ್ ಕೆಲಸಕ್ಕೆ ರಜೆ ಹಾಕಿ ತಾನೇ ಬೈಕಿನಲ್ಲಿ ಹದಡಿಗೆ ಕರೆದೊಯ್ದ. ಸಿದ್ದುವಿನ ಮನೆ ಕಾಲುವೆಯ ಆಚೆ ಓಣಿಯಲ್ಲಿತ್ತು. ಪರಶುರಾಮ್ ಓಣಿಯ ತುದಿಯಲ್ಲಿ ಗಾಡಿ ನಿಲ್ಲಿಸಿ, “ಮಾತಾಡ್ಕಂಡು ಬಾ. ಅವಸರ ಇಲ್ಲ” ಎಂದ. ಸಿನಿಮಾ ನೋಡಬೇಡ ಎಂದದ್ದು ಬಿಟ್ಟರೆ, ನಾಲ್ಕು ವರ್ಷದಲ್ಲಿ ಆ ವಿಷಯಕ್ಕೆ ಅವನು ಆಡಿದ ಮೊದಲ ಮಾತು ಅದು.

ಸಿದ್ದುವಿನ ತಾಯಿ ಅಂಜಿನವ್ವ ಜಗುಲಿಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ತಲೆಯೆತ್ತಿ ನೋಡಿದ ಕೂಡಲೇ, ಅಂದು ಠಾಣೆಯಲ್ಲಿ ಕಂಡ ಮುಖವನ್ನು ಗುರುತು ಹಿಡಿದಳು.

“ಸಿನಿಮಾದ್ದು ಹೇಳಾಕ ಬಂದ್ಯಾ? ಫೋನ್‌ನಾಗ ತೋರ್ಸಿದ್ರು ಯಾರೋ. ಅದು ನೀನಲ್ಲ ಅಂತ ನನಗೆ ಗೊತ್ತೈತೆ. ಆ ಎತ್ತರದ ಗಂಡಸು ನನ್ನ ಮಗನೂ ಅಲ್ಲ.”

“ಅವ್ವಾ…”

“ನೀನು ತಳ್ಳಿಲ್ಲ ಅಂತ ಅವತ್ತೇ ಗೊತ್ತಿತ್ತು. ನೀನು ಬರ್ತೀಯ ಅಂತ ಅವನ ದಿವಸದ ಊಟಕ್ಕೂ ಕಾದೆ, ವರ್ಷದ ತಿಥಿ ಊಟಕ್ಕೂ ಕಾದೆ. ಯಾಕ ಬರ್ಲಿಲ್ಲ?”

ಭಯವಿತ್ತು ಎಂದರೆ ಸಾಲದು, ನಾಚಿಕೆ ಎಂದರೂ ಸಾಲದು. ಅಂಬಿಕಾ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅಂಜಿನವ್ವನ ಸಿಟ್ಟು ಇಳಿಯಲಿಲ್ಲ. ಮುರಿದ ತೊಟ್ಟುಗಳನ್ನು ಒಂದೊಂದಾಗಿ ಎಸೆಯುತ್ತಲೇ ಇದ್ದಳು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ನಿನಗೆ ಏನಂತಿದ್ದ ನನ್ನ ಬಗ್ಗೆ?”

“ಅವ್ವಂಗೆ ನಾಳೆ ಹೇಳ್ತೀನಿ ಅಂತಿದ್ದ. ಫೋನ್‌ನಾಗ ಕೊನೀಗೆ ಅಂದಿದ್ದೂ ಅದನ್ನೇ.”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಖಾರದ ಕೈ ಕಣ್ಣಿಗೆ ತಾಗಿ ಇನ್ನಷ್ಟು ನೀರು ಬಂತು. ಅಂಬಿಕಾ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವಳ ಕೈಗೆ, ಕಣ್ಣಿಗೆ ಹನಿಸಿದಳು.

“ಓಣಿ ತುದಿಯಾಗ ನಿಂತೋನು ನಿನ್ನ ಗಂಡನೇನು?” ಎಂದಳು ಅಂಜಿನವ್ವ, ಕಣ್ಣು ಪಿಳುಕಿಸುತ್ತಾ. “ಬಿಸಿಲಾಗ ಯಾಕ ನಿಲ್ಲಿಸೀಯ? ಕರಿ ಅವನ್ನ. ಚಾ ಇಡ್ತೀನಿ.”