ಬತೂಲ್ ಬರೆದ ಐದು ಸಾಲು

ಸಫಿ ಬಂದರಿನ ಹಿಂದಿರುವ ನಮ್ಮ ಕಾರ್ಖಾನೆಯಲ್ಲಿ ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಹೆಂಗಸರು ನೂರಿಪ್ಪತ್ತು ಮಂದಿ. ಅವರ ಮೇಲೊಬ್ಬಳು ಮೇಲ್ವಿಚಾರಕಿ, ಬತೂಲ್. ನಾನು ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರದವಳು. ಆ ಯಂತ್ರ ಹಜಾರದ ಮೂಲೆಯಲ್ಲಿ ಒಂದು ಕಟ್ಟೆಯ ಮೇಲಿದೆ. ಅಲ್ಲಿ ನಿಂತರೆ ಎಲ್ಲ ಮೇಜುಗಳೂ ಕಾಣುತ್ತವೆ. ಅದರ ಸದ್ದಿಗೆ ಮಾತು ಕಿವಿಗೆ ಬೀಳುವುದಿಲ್ಲ. ಆದರೆ ಹನ್ನೊಂದು ವರ್ಷ ಒಂದೇ ಕಡೆ ನಿಂತವಳಿಗೆ ತುಟಿ ನೋಡಿಯೇ ಮಾತು ತಿಳಿಯುತ್ತದೆ.

ಬತೂಲ್ ಹದಿನಾಲ್ಕರ ಹರೆಯದಲ್ಲಿ ಕತ್ತರಿ ಹಿಡಿದು ಮೇಜಿಗೆ ಬಂದವಳು. ನಲವತ್ತಕ್ಕೆ ಮೇಲ್ವಿಚಾರಕಿಯ ನೀಲಿ ಟೊಪ್ಪಿ ಸಿಕ್ಕಿತು. ಈ ಕತೆ ನಡೆದಾಗ ಅವಳಿಗೆ ಐವತ್ತೆರಡು. ಕೆಲಸ ಬಲ್ಲವಳು, ಯಾರ ಕೂಲಿಯನ್ನೂ ಮುರಿದವಳಲ್ಲ. ಬಾಯಿ ಮಾತ್ರ ಕಾದ ಕಾವಲಿ. ಯಾರ ಹೆಸರೂ ಅವಳಿಗೆ ಬೇಕಿರಲಿಲ್ಲ. ಮೇಜಿನ ಸಂಖ್ಯೆ ಹಿಡಿದು ಕರೆಯುತ್ತಿದ್ದಳು. "ನಾಲ್ಕನೇ ಮೇಜು, ಮೀನು ಕತ್ತರಿಸ್ತಿದ್ದೀಯೋ ಜೋಗುಳ ಹಾಡ್ತಿದ್ದೀಯೋ?" ಮದುವೆಯಾಗಿ ಮೂರು ಮಕ್ಕಳಾದ ಹೆಂಗಸರು ಕೂಡ ಅವಳ ಕಣ್ಣಿಗೆ ನಾಲ್ಕನೇ ಮೇಜು, ಒಂಬತ್ತನೇ ಮೇಜು.

ಅವಳಿಗೆ ಓದು ಬರಹ ಬಾರದೆಂದು ನಮಗೆ ಗೊತ್ತಿರಲಿಲ್ಲ. ದಿನದ ಚೀಟಿಗಳನ್ನು ಉಗ್ರಾಣದ ಮುದುಕರೊಬ್ಬರು ಗುಟ್ಟಾಗಿ ತುಂಬಿಕೊಡುತ್ತಿದ್ದರು. ಅವರು ನಿವೃತ್ತರಾದ ವಾರವೇ ಬತೂಲ್ ನಮ್ಮ ಮಸೀದಿ ಪಕ್ಕದ ಅಕ್ಷರ ತರಗತಿಗೆ ಬಂದಳು. ವಾರಕ್ಕೆ ಮೂರು ದಿನ, ಸಂಜೆಯ ಅಸರ್ ನಮಾಜು ಮುಗಿದ ಮೇಲೆ ಒಂದೂವರೆ ಗಂಟೆ. ಕಾರ್ಖಾನೆಯವರೇ ಆದ ಮಹ್ಜೂಬಾ, ಏಳನೇ ಮೇಜಿನ ಫನೀದಾ, ನಾನು, ಮೂವರೂ ಆಗಲೇ ಅಲ್ಲಿದ್ದೆವು. ಬತೂಲ್ ಒಳಗೆ ಬಂದು ನಮ್ಮನ್ನು ಕಂಡಳು. ಹೊರಟುಹೋಗುತ್ತಾಳೆ ಅಂದುಕೊಂಡೆವು. ಹೋಗಲಿಲ್ಲ, ಹಿಂದಿನ ಬೆಂಚಿನ ತುದಿಗೆ ಕೂತಳು.

ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು ಫನೀದಾ. ಅವಳಿಗೆ ಮಾತು ತೊದಲುತ್ತದೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕೇಳುವವರು ಅದನ್ನು ತಾವೇ ಮುಗಿಸಿಬಿಡುತ್ತಾರೆ, ಹೆಚ್ಚಿನ ಸಲ ತಪ್ಪಾಗಿ. ಬರೆಯುವಾಗ ಅವಳಿಗೆ ಯಾವ ತಡೆಯೂ ಇರಲಿಲ್ಲ.

ಕೆಲವು ತಿಂಗಳು ಕಳೆದು, ರಂಜಾನ್ ಶುರುವಾಗುವ ಮುಂಚಿನ ವಾರ ಉಸ್ತಾದಾ ಸಬಾಹ್, ನಮ್ಮ ಮೇಡಂ, ಮನೆಗೆಲಸ ಕೊಟ್ಟರು. ಈ ತಿಂಗಳಿನಿಂದ ನಾನು ಹೇಗೆ ಬದಲಾಗುತ್ತೇನೆ, ಐದು ಸಾಲು. ನಾನು ಚಹಾಕ್ಕೆ ಸಕ್ಕರೆ ಕಡಿಮೆ ಮಾಡುತ್ತೇನೆಂದು ಬರೆದೆ. ಮಹ್ಜೂಬಾ ಅತ್ತೆಯನ್ನು ಹಿಂದಿನಿಂದ ಅಣಕಿಸುವುದಿಲ್ಲವೆಂದು ಬರೆದಳು. ಬತೂಲಳ ಸರದಿ ಬಂದಾಗ ಎದ್ದುನಿಂತು, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು, ಒಂದೊಂದೇ ಪದ ಓದಿದಳು.

"ಬೆಳಿಗ್ಗೆ ಬಂದ ಕೂಡಲೇ ಸಲಾಂ ಹೇಳುತ್ತೇನೆ. ಎಲ್ಲರ ಹೆಸರು ಕಲಿಯುತ್ತೇನೆ. ಬೈಯುವುದಿದ್ದರೆ ಪಕ್ಕಕ್ಕೆ ಕರೆದು ಬೈಯುತ್ತೇನೆ. ಒಬ್ಬಳು ಮಾತಾಡುವಾಗ ಮುಗಿಯುವ ತನಕ ಕೇಳುತ್ತೇನೆ. ತಪ್ಪು ನನ್ನದಾದರೆ…"

ಅಲ್ಲಿಗೆ ನಿಂತಳು.

"ಮುಂದೆ, ಲಲ್ಲಾ ಬತೂಲ್?" ಅಂದರು ಉಸ್ತಾದಾ. ಲಲ್ಲಾ ಅಂದರೆ ನಮ್ಮಲ್ಲಿ ಹೆಂಗಸರಿಗೆ ಮರ್ಯಾದೆಯ ಕರೆ, ಗಂಡಸರಿಗೆ ಸಿ.

"ಹಾಳೆ ಮುಗೀತು."

"ಹಾಳೆ ತಿರುಗಿಸಿದ್ರೆ ಹಿಂದೆ ಜಾಗ ಇರುತ್ತಲ್ಲಾ," ಅಂದಳು ಮಹ್ಜೂಬಾ. ತರಗತಿ ನಕ್ಕಿತು. ಬತೂಲಳ ಮುಖ ಕೆಂಪಾಯಿತು. ಆದರೆ ಅವಳು ಮಹ್ಜೂಬಾಳನ್ನು ಬೈಯಲಿಲ್ಲ. ಪೆನ್ಸಿಲ್ ಕೇಳಿ ತೆಗೆದುಕೊಂಡು, ಎಲ್ಲರೂ ಕಾಯುತ್ತಿರುವಂತೆಯೇ, ಹಾಳೆಯ ಹಿಂಬದಿಗೆ ಒಂದು ಪದ ಬರೆದು ಓದಿದಳು: "ಒಪ್ಪುತ್ತೇನೆ."

ಮಾರನೆಯ ಬೆಳಿಗ್ಗೆ ಅವಳು ಹಜಾರದ ಬಾಗಿಲಲ್ಲಿ ನಿಂತು "ಸಲಾಂ ಅಲೈಕುಂ" ಎಂದಾಗ ಅರ್ಧ ಜನ ಉತ್ತರಿಸಲು ಮರೆತರು. ಯಾರೋ ಸತ್ತಿರಬೇಕೆಂದು ಒಬ್ಬಳು, ಡಾಕ್ಟರು ಏನೋ ಹೇಳಿರಬೇಕೆಂದು ಇನ್ನೊಬ್ಬಳು. ದಿನಕ್ಕೆ ಆರು ಹೆಸರಿನಂತೆ ಕಲಿಯತೊಡಗಿದಳು. ಫತ್ನಾ ಎನ್ನುವವರೇ ಏಳು ಜನ. ಅವರನ್ನು ಬೇರೆ ಬೇರೆ ಮಾಡುವುದು ಅವಳಿಗೆ ಮೀನಿನ ಮುಳ್ಳು ಆರಿಸಿದಷ್ಟು ಕಷ್ಟವಾಯಿತು. ಬೈಗುಳಕ್ಕೆ ಮಂಜುಗಡ್ಡೆ ಕೋಣೆಯ ಪಕ್ಕದ ಓಣಿ ನಿಗದಿಯಾಯಿತು. ಅದು ಯಾರಿಗೂ ಹಿಡಿಸಲಿಲ್ಲ.

"ಮೊದಲು ಬೈದ್ರೆ ನೂರಿಪ್ಪತ್ತು ಜನಕ್ಕೂ ಹಂಚಿ ಹೋಗ್ತಿತ್ತು," ಅಂದಳು ಮಹ್ಜೂಬಾ. "ಈಗ ಒಬ್ಬಳೇ ಪೂರ್ತಿ ತಟ್ಟೆ ತಿನ್ಬೇಕು, ಅದೂ ಉಪವಾಸದಲ್ಲಿ."

ಮಾತು ಮುಗಿಯುವ ತನಕ ಕೇಳುವುದು ಬತೂಲಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು. ಎದುರಿನವರು ಮಾತಾಡುತ್ತಿದ್ದರೆ ಅವಳ ಕಾಲು ನಿಂತಲ್ಲೇ ಕುಣಿಯುತ್ತಿತ್ತು. ಆದರೂ ಬಾಯಿ ಮುಚ್ಚಿ ನಿಲ್ಲುತ್ತಿದ್ದಳು. ಹಬ್ಬ ಮುಗಿಯುವ ಹೊತ್ತಿಗೆ ಒಂದಿಬ್ಬರು ತಾವಾಗಿ ಅವಳ ಹತ್ತಿರ ಹೋಗಿ ಮಾತಾಡಿದ್ದನ್ನು ನಾನೇ ನೋಡಿದೆ.

ಹಬ್ಬ ಮುಗಿದ ಮೂರನೆಯ ವಾರ ಒಂದೇ ದಿನ ಮೂರು ದೋಣಿಗಳ ಮೀನು ಬಂತು. ಮಂಜುಗಡ್ಡೆಯ ಯಂತ್ರ ಹಿಂದಿನ ದಿನವೇ ಕೆಟ್ಟಿತ್ತು. ಲಾರಿಗಳು ಬಾಗಿಲಲ್ಲಿ ಸಾಲಾಗಿ ನಿಂತವು. ಮಧ್ಯಾಹ್ನದ ಬಿಸಿಲು, ಮೇಲಿನ ಕಚೇರಿಯಿಂದ ಮತ್ತೆ ಮತ್ತೆ ಫೋನು. ಬತೂಲ್ ಒಂದು ಮೇಜಿನಿಂದ ಇನ್ನೊಂದಕ್ಕೆ ಓಡುತ್ತಿದ್ದಳು.

ಏಳನೇ ಮೇಜಿಗೆ ಕೊನೆಯ ಲಾರಿಯ ಪೆಟ್ಟಿಗೆಗಳು ಬಂದಾಗ ಫನೀದಾ ಒಂದು ಮೀನನ್ನು ಎತ್ತಿ ಕಿವಿರು ಬಿಡಿಸಿ ನೋಡಿದಳು. ಇನ್ನೊಂದನ್ನು ಎತ್ತಿದಳು. ಕತ್ತರಿ ಕೆಳಗಿಟ್ಟು ಬತೂಲಳನ್ನು ಕರೆದಳು.

"ಲ… ಲಲ್ಲಾ, ಈ ಮೀ… ಮೀನು ಬಿ…"

"ಕತ್ತರಿಸು ತಂಗಿ, ಮಾತು ಆಮೇಲೆ."

"ಬಿ… ಬಿಸಿ…"

"ನನಗೂ ಬಿಸಿಯಾಗ್ತಿದೆ. ಕತ್ತರಿಸು ಅಂದ್ನಲ್ಲ."

ಇಷ್ಟೂ ಮಾತು ನನಗೆ ಕಟ್ಟೆಯ ಮೇಲಿನಿಂದ ಕಂಡಿತು. ಫನೀದಾ ಮತ್ತೆ ಕತ್ತರಿ ಎತ್ತಿಕೊಂಡಳು.

ಮಾರನೆಯ ದಿನ ಪರೀಕ್ಷೆ ಕೋಣೆಯಿಂದ ಸುದ್ದಿ ಬಂತು. ಆ ಲಾರಿಯ ಮೀನಿನ ಡಬ್ಬಿಗಳು ಕೆಟ್ಟಿವೆ, ತಿಂದವರಿಗೆ ಮೈಯೆಲ್ಲ ದದ್ದು ಏಳುವಷ್ಟು. ಪುಣ್ಯಕ್ಕೆ ಒಂದು ಡಬ್ಬಿಯೂ ಹೊರಗೆ ಹೋಗಿರಲಿಲ್ಲ. ಎಲ್ಲವನ್ನೂ ಒಡೆದು ಗೊಬ್ಬರಕ್ಕೆ ಕಳಿಸಿದರು. ಮ್ಯಾನೇಜರ್ ಸಿ ಜಿಲಾಲಿ ಕೈಯಲ್ಲಿ ಚೀಟಿ ಹಿಡಿದು ಹಜಾರಕ್ಕೆ ಇಳಿದು ಬಂದರು. ಯಂತ್ರಗಳನ್ನು ನಿಲ್ಲಿಸಿದರು. ಚೀಟಿ ಬತೂಲಳ ಕೈಬರಹದ್ದು; ಅಂಕುಡೊಂಕಾದ ದೊಡ್ಡ ಅಕ್ಷರಗಳಲ್ಲಿ ಏಳನೇ ಮೇಜು ಎಂದಿತ್ತು.

"ಏಳನೇ ಮೇಜಲ್ಲಿ ಯಾರು?"

ಫನೀದಾ ಮುಂದೆ ಬಂದಳು.

"ಮೂಗಿಲ್ವೇನಮ್ಮ ನಿನಗೆ? ಕೈಗೆ ತಿಳೀಲಿಲ್ವಾ?"

"ನಾ… ನಾನು ಹೇ… ಹೇಳ್…"

"ಏನು ಹೇಳೋದಿದೆ? ನಾಳೆಯಿಂದ ಬರ್ಬೇಡ."

ಎಲ್ಲರೂ ಬತೂಲಳ ಕಡೆ ನೋಡಿದರು. ಅವಳು ಚೀಟಿಯನ್ನು ನೋಡುತ್ತಿದ್ದಳು. ಸಿ ಜಿಲಾಲಿ ಮೆಟ್ಟಿಲು ಹತ್ತಿ ಹೋದರು. ಫನೀದಾ ಬಿಳಿ ಕೋಟು ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟು ಹೋದಳು. ನಡೆದದ್ದು ನನಗೂ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ನನಗೂ ಮನೆಯಿದೆ ಎಂದು ಆಗ ಹೇಳಿಕೊಂಡೆ.

ಮರುದಿನ ತರಗತಿಯಲ್ಲಿ ಫನೀದಾಳ ಜಾಗ ಖಾಲಿ. ಉಸ್ತಾದಾ ಕೇಳಿದರು.

"ಅವಳ ಮಾತು ನಿಧಾನ, ಕೇಳೋರ ಕಿವಿ ಅವಸರ," ಅಂದಳು ಮಹ್ಜೂಬಾ. "ಉಳಿದದ್ದನ್ನ ಲಲ್ಲಾ ಹೇಳ್ತಾರೆ, ಕೇಳಿ."

ಬತೂಲ್ ಪುಸ್ತಕ ಮುಚ್ಚಿ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಈ ಸಲ ನಿಜವಾಗಿಯೂ ಹೊರಟುಹೋದಳು, ಇನ್ನು ತರಗತಿಗೆ ಬರುವವಳಲ್ಲ ಅಂದುಕೊಂಡೆ.

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅವಳು ನನ್ನ ಕಟ್ಟೆಯ ಹತ್ತಿರ ಬಂದಳು.

"ಯಾಮ್ನಾ, ಆವತ್ತು ಏಳನೇ ಮೇಜಲ್ಲಿ ನಡೆದದ್ದು ನಿನಗೆ ಕಂಡಿತಾ?"

"ಕಂಡಿತು, ಲಲ್ಲಾ."

"ಮೇಲೆ ಬಾ ನನ್ನ ಜೊತೆ. ನಾನು ಮಾತು ತಿರುಗಿಸಿದ್ರೆ ನೀನು ಹೇಳು."

ಸಿ ಜಿಲಾಲಿ ಚಹಾ ಕುಡಿಯುತ್ತಿದ್ದರು. ಬತೂಲ್ ಕೂರಲಿಲ್ಲ.

"ಮೀನು ಬಿಸಿಯಾಗಿದೆ ಅಂತ ಆ ಹುಡುಗಿ ನನಗೆ ಹೇಳೋಕೆ ಬಂದ್ಲು. ನಾನು ಕೇಳ್ಲಿಲ್ಲ. ಕತ್ತರಿಸು ಅಂದೆ. ಎರಡು ಸಲ ಅಂದೆ."

ಅವರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

"ಮೊನ್ನೆ ಯಾಕೆ ಹೇಳ್ಲಿಲ್ಲ, ಲಲ್ಲಾ ಬತೂಲ್?"

"ಹೆದರಿಕೆ ಆಯ್ತು."

"ವಿಷಯ ಮುಗಿದುಹೋಗಿದೆ. ದೊಡ್ಡ ಕಚೇರಿಗೆ ಕಾಗದವೂ ಹೋಯ್ತು. ಈಗ ನೀವು ಬಂದು ಹೀಗಂದ್ರೆ ನಾನು ಸುಮ್ನಿರೋಕಾಗುತ್ತಾ? ಟೊಪ್ಪಿ ತೆಗೀಬೇಕಾಗುತ್ತೆ."

ಅವರು ಮಾತು ಮುಗಿಸುವ ತನಕ ಬತೂಲ್ ಕಾದಳು. ಆಮೇಲೆ ನೀಲಿ ಟೊಪ್ಪಿಯನ್ನು ತೆಗೆದು ಚಹಾ ಲೋಟದ ಪಕ್ಕ ಇಟ್ಟಳು. "ಇನ್ನೊಂದು ಕಾಗದ ಬರೀರಿ," ಅಂದಳು. "ಅವಳನ್ನ ವಾಪಸ್ ಕರೀರಿ." ಅವರು ಆಗಲಿ ಎಂದರು.

ಕರೆಯಲು ಅವಳೇ ಹೋದಳು. ದಾರಿ ತೋರಿಸಲು ನಾನು ಜೊತೆಗಿದ್ದೆ. ಫನೀದಾಳ ಮನೆ ಕುಂಬಾರರ ಗುಡ್ಡದ ಮೇಲೆ, ಆವಿಗೆಯ ಹೊಗೆಗೆ ಗೋಡೆಯೆಲ್ಲ ಕಪ್ಪು. ಅವಳು ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ. ಬತೂಲ್ ಬಂದ ಕಾರಣ ಹೇಳಿದಳು. ಅಡ್ಡಗೋಡೆಯ ಮೇಲೆ ದೀಪವಿಡದೆ, ನೇರವಾಗಿ ಹೇಳಿದಳು.

ಫನೀದಾ ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡಳು. ಓಣಿಯಲ್ಲಿ ಒಬ್ಬ ಕತ್ತೆಯ ಮೇಲೆ ಜೇಡಿಮಣ್ಣು ಹೇರಿಕೊಂಡು ಬಂದ. ನಾವು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು. ಅವನು ದಾಟಿ ಹೋದ ಮೇಲೂ ಅವಳ ವಾಕ್ಯ ಮುಗಿದಿರಲಿಲ್ಲ. ಬತೂಲ್ ಕದಲಲಿಲ್ಲ. ಫನೀದಾ ಹೇಳಿದ್ದು ಇಷ್ಟು: ನೀವು ಎರಡು ದಿನ ತಡ ಮಾಡಿದ್ರಿ. ಆ ಎರಡು ದಿನವೂ ನಾನೇನೋ ಕದ್ದಿದ್ದೀನಿ ಅಂತ ನಮ್ಮಮ್ಮ ಅಂದುಕೊಂಡಿದ್ರು. ಬಾಯಲ್ಲಿ ಹೇಳೋಕಾಗದೆ ನಿಜ ಬರೆದು ತೋರಿಸಿದೆ. ಅವರಿಗೆ ಓದೋಕೆ ಬರೋದಿಲ್ಲ.

"ಅಮ್ಮ ಒಳಗಿದ್ದಾರಾ?" ಅಂದಳು ಬತೂಲ್.

ಒಳಗೆ ಹೋಗಿ ಆ ಮುದುಕಿಗೂ ಹೇಳಿದಳು. ಮುದುಕಿ ಎಲ್ಲ ಕೇಳಿ, "ದೇವರು ನಿನ್ನನ್ನ ಕ್ಷಮಿಸ್ಲಿ, ನನಗೆ ಸ್ವಲ್ಪ ದಿನ ಬೇಕು," ಅಂದಳು. ಚಹಾ ಕೊಡಲಿಲ್ಲ. ನಮ್ಮ ಊರಲ್ಲಿ ಮನೆಯೊಳಗೆ ಬಂದವರಿಗೆ ಚಹಾ ಕೊಡದಿರುವುದು ಸಣ್ಣ ಮಾತಲ್ಲ. ಬತೂಲ್ ಅದನ್ನೂ ನುಂಗಿಕೊಂಡು ಇಳಿದಳು.

ಫನೀದಾ ಏಳನೇ ಮೇಜಿಗೆ ವಾಪಸ್ ಬಂದಳು. ಆ ಬೇಸಗೆಯೆಲ್ಲ ಬತೂಲ್ ಹನ್ನೊಂದನೇ ಮೇಜಲ್ಲಿ ಬಿಳಿ ಟೊಪ್ಪಿ ಹಾಕಿ ಕತ್ತರಿ ಹಿಡಿದಳು. ಹನ್ನೆರಡು ವರ್ಷದಲ್ಲಿ ಕೈ ಮರೆತಿತ್ತು. ಮೊದಲ ವಾರ ನಾಲ್ಕು ಬೆರಳಿಗೆ ಬಟ್ಟೆ. ಪಕ್ಕದವರು ಮುಂದೆ ಹೋಗುತ್ತಿದ್ದರು, ಇವಳ ಪೆಟ್ಟಿಗೆ ಉಳಿಯುತ್ತಿತ್ತು. ಮಹ್ಜೂಬಾ ಒಮ್ಮೆ, "ಹನ್ನೊಂದನೇ ಮೇಜು, ಜೋಗುಳ ಹಾಡ್ತಿದ್ದೀಯಾ?" ಅಂದಳು. ಬತೂಲ್ ತಲೆಯೆತ್ತದೆ, "ಮಗು ಇನ್ನೂ ಮಲಗಿಲ್ಲ," ಅಂದಳು. ಆ ದಿನ ಹಲವರು ನಕ್ಕರು, ಕೆಲವರು ನಗಲಿಲ್ಲ. ಅವಳ ಮೇಲೆ ಹಳೆಯ ಸಿಟ್ಟು ಇದ್ದವರಿಗೆ ಅದು ಇದ್ದೇ ಇತ್ತು. ತರಗತಿಗೆ ಅವಳು ತಪ್ಪದೆ ಬರುತ್ತಿದ್ದಳು. ಫನೀದಾ ಮುಂದಿನ ಬೆಂಚಿನಲ್ಲಿ, ಇವಳು ಹಿಂದೆ. ಇಬ್ಬರ ನಡುವೆ ಸಲಾಂ ಬಿಟ್ಟು ಬೇರೆ ಮಾತಿರಲಿಲ್ಲ.

ಅವಳ ಜಾಗಕ್ಕೆ ಬಂದ ಮೇಲ್ವಿಚಾರಕಿಗೆ ಅಗಾದಿರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಚಳಿಗಾಲದ ಮೊದಲು ಸಿ ಜಿಲಾಲಿ ಬತೂಲಳನ್ನು ಕರೆದು ಟೊಪ್ಪಿ ವಾಪಸ್ ಕೊಡುತ್ತೇನೆಂದರು. ಅವಳು ಷರತ್ತು ಹಾಕಿದಳು: ಮೀನಿನ ಬಗ್ಗೆ ಯಾವ ಮೇಜಿನವಳಾದರೂ ಕೈಯೆತ್ತಿದರೆ ಕೆಲಸ ನಿಲ್ಲಬೇಕು, ಯಾರನ್ನೂ ಕೇಳಬೇಕಾಗಿಲ್ಲ.

"ದಿನಾ ನಿಲ್ಸಿದ್ರೆ?"

"ದಿನಾ ನಿಲ್ಲುತ್ತೆ."

ಅವರು ಒಂದು ತಿಂಗಳು ನೋಡೋಣವೆಂದರು.

ಮೊದಲ ವಾರ ಯಾರೂ ಕೈಯೆತ್ತಲಿಲ್ಲ. ಬತೂಲ್ ಆಗಲೇ ಎರಡು ಸಲ ಹಳೆಯ ಗಂಟಲಲ್ಲಿ ಕೂಗಿದ್ದಳು; ಒಮ್ಮೆ ತಾನೇ ಹೋಗಿ ಆ ಹೆಂಗಸಿಗೆ ಸಮಾಧಾನ ಹೇಳಿದಳು, ಇನ್ನೊಮ್ಮೆ ಮರೆತಳು. ಎರಡನೆಯ ವಾರ, ಕೆಲಸ ತುಂಬಿ ಹರಿಯುತ್ತಿದ್ದ ದಿನ, ಫನೀದಾ ಕೈಯೆತ್ತಿದಳು. ಯಂತ್ರಗಳು ನಿಂತವು. ಇಡೀ ಹಜಾರಕ್ಕೆ ಬಂದ ಮೌನದಲ್ಲಿ ಅವಳು ತನ್ನ ಮಾತನ್ನು ತನ್ನ ವೇಗದಲ್ಲಿ ಹೇಳಿ ಮುಗಿಸಿದಳು. ಪರೀಕ್ಷೆ ಕೋಣೆಯವರು ಬಂದರು. ಇಪ್ಪತ್ತೈದು ನಿಮಿಷದ ಮೇಲೆ ಮೀನು ಚೆನ್ನಾಗಿದೆ ಅಂದರು.

ಫನೀದಾ ಕೋಟಿನ ತುದಿ ಹಿಡಿದು ನಿಂತಿದ್ದಳು. ಮೇಲಿನ ಕಿಟಕಿಯಲ್ಲಿ ಸಿ ಜಿಲಾಲಿಯ ಮುಖ ಕಂಡಿತು. ಬತೂಲ್ ಏಳನೇ ಮೇಜಿನ ಹತ್ತಿರ ಹೋಗಿ, ಮೇಲಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ ಅಂದಳು:

"ಸಂಶಯ ಬಂತು, ಹೇಳಿದೆ. ಸರಿ. ಮುಂದಿನ ಸಲವೂ ಹೇಳು, ಫನೀದಾ."

ಆಮೇಲೆ ನನ್ನ ಕಡೆ ತಿರುಗಿ ಕೈಬೀಸಿದಳು. ನಾನು ಯಂತ್ರ ಶುರು ಮಾಡಿದೆ. ಆ ಇಪ್ಪತ್ತೈದು ನಿಮಿಷ ಸರಿದೂಗಿಸಲು ಎಲ್ಲರೂ ಅರ್ಧ ಗಂಟೆ ಹೆಚ್ಚು ನಿಲ್ಲಬೇಕಾಯಿತು. ಅದಕ್ಕೆ ಗೊಣಗಿದವರು ಇದ್ದರು. ಸಂಜೆ ಬಾಗಿಲಲ್ಲಿ ಫನೀದಾ ಗಂಬೂಟು ತೊಳೆಯುತ್ತಾ ಬತೂಲಳಿಗೆ ಏನೋ ಹೇಳಲು ಶುರುಮಾಡಿದಳು. ಬತೂಲ್ ಚೀಲ ಕೆಳಗಿಟ್ಟು ನಿಂತಳು. ಬಸ್ಸು ಬಂದು ನಿಂತಿತು. ನಾವೆಲ್ಲ ಹತ್ತಿದೆವು. ಅವರಿಬ್ಬರು ಮುಂದಿನ ಬಸ್ಸಿಗೆ ಬಂದರು.