ಕರಡಿಗೆ ಒತ್ತಿದ ಜಾಗ

"ಬೆನ್ನಿಗೆ ಹಲಗೆ ಕೊಡು, ಜಾರ್ತಿದಾರೆ," ಎಂದಳು ಅಮ್ಮ.

ಶಿಲ್ಪಶ್ರೀ ತೀರಿಕೊಂಡ ಸೋದರತ್ತೆ ಪ್ರೇಮಲೀಲಾರ ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿ ಹಿಡಿದಳು. ಮೈ ಸೆಟೆಯುವ ಮೊದಲೇ ಕೂರಿಸಬೇಕು; ಲಿಂಗವಂತರಾದ ಅವರಲ್ಲಿ ಮಣ್ಣು ಮಾಡುವುದೂ ಕೂತ ಭಂಗಿಯಲ್ಲೇ. ಆಸ್ಪತ್ರೆಯಿಂದ ಬಂದಿದ್ದ ಕ್ಯಾನ್ಸರ್ ವಾರ್ಡಿನ ಆಯಾ ಮಹದೇವಮ್ಮ ಕಾಲು ಮಡಿಸಿ ಚಕ್ಕಳಮಕ್ಕಳ ಹಾಕಿಸಿದಳು. ಅಮ್ಮ ಹೊಸ ಸೀರೆಯ ಸೆರಗನ್ನು ಎಡ ಎದೆಯ ಮೇಲೆ ಎರಡು ಸುತ್ತು ಜಾಸ್ತಿಯೇ ಸುತ್ತಿದಳು.

"ಹುಣ್ಣಿನ ಪಟ್ಟಿ ಕಾಣಿಸ್ಬಾರ್ದು. ಯಾರಾದ್ರೂ ಕೇಳಿದ್ರೆ ಹಾರ್ಟು ಅನ್ನು."

"ಯಾಕೆ?"

"ನಿನಗೋಸ್ಕರ ಕಣೆ. ಗುರುಕಿರಣನ ಮನೆಯೋರು ಬರ್ತಿದಾರೆ. ಮನೇಲಿ ಆ ಕಾಯಿಲೆ ಇದೆ ಅಂದ್ರೆ ಯಾರು ಹೆಣ್ಣು ತಗೋತಾರೆ?"

ಅಪ್ಪ ಮಹದೇವಪ್ಪ ತಂಗಿಯ ಕೊರಳಿನಿಂದ ಬೆಳ್ಳಿಯ ಕರಡಿಗೆ ಬಿಚ್ಚಿ, ಒಳಗಿದ್ದ ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟು, ಬೆರಳು ಮಡಿಸಿ ಬಟ್ಟೆ ಕಟ್ಟಿದರು.

"ಇಪ್ಪತ್ತೆಂಟು ವರ್ಸ ಕಂಡೋರ ಎದೆ ಗಂಟೆಲ್ಲಾ ಮುಟ್ಟಿ ನೋಡಿದ್ರು ದೊಡ್ಡ ಸಿಸ್ಟರು," ಎಂದಳು ಮಹದೇವಮ್ಮ, ಕಣ್ಣೊರೆಸಿಕೊಳ್ಳದೆ. "ತಮ್ದು ನೋಡ್ಕಳಕ್ಕೆ ಮೂರು ಬೆರಳು ಸಿಗ್ನಿಲ್ವಾ?"

*

ಪ್ರತಿ ಸೋಮವಾರ ಹೊರರೋಗಿಗಳ ಬೆಂಚಿನ ಮುಂದೆ ನಿಂತು ಪ್ರೇಮಲೀಲಾ ಸಿಸ್ಟರ್ ಹೇಳಿಕೊಡುತ್ತಿದ್ದರು. ಎದೆ ಮೇಲೆ ಮೂರು ಬೆರಳು ಚಪ್ಪಟೆ ಇಡಿ, ಸುತ್ತ ತಿರುಗಿಸಿ, ನೋಯ್ತಿಲ್ಲ ಅಂತ ಮನೇಲಿ ಕೂರ್ಬೇಡಿ. ತಡವಾಗಿ ಬಂದವರಿಗೆ ಬೈಗುಳವೂ ಇರುತ್ತಿತ್ತು: "ಆರು ತಿಂಗಳು ಏನ್ ಮಾಡ್ತಿದ್ರಿ? ಒಗ್ಗರಣೆ ಹಾಕ್ತಿದ್ರಾ?"

ಅದೇ ವಾರ್ಡಿನಲ್ಲಿ ನರ್ಸಾಗಿದ್ದ ಶಿಲ್ಪಶ್ರೀ ಹೋದ ವರ್ಷ ಬಟ್ಟೆ ಬದಲಿಸುವ ಕೋಣೆಯಲ್ಲಿ ಅತ್ತೆಯ ಎದೆಯ ಉಬ್ಬು ಕಂಡಳು.

"ಕರಡಿಗೆ ಒತ್ತಿ ಒತ್ತಿ ಆಗಿರೋದು ಕಣೆ," ಎಂದರು ಅತ್ತೆ. "ಲಿಂಗ ಕಟ್ಟಿದಾಗಿಂದ ಅಲ್ಲೇ ಕೂತಿದೆಯಲ್ಲ."

ಬೇರೆ ಯಾರೇ ಹಾಗಂದಿದ್ದರೂ ಅವಳು ಕೈ ಹಿಡಿದು ಡಾಕ್ಟರ ಹತ್ತಿರ ಎಳೆದೊಯ್ಯುತ್ತಿದ್ದಳು. ಅತ್ತೆಯ ಮಾತನ್ನು ನಂಬಿಬಿಟ್ಟಳು. ಹುಣ್ಣು ಒಡೆದ ಮೇಲೆ, ಪಟ್ಟಿ ಕಟ್ಟುತ್ತಾ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ್ದಳು.

"ನಿನ್ ಮದುವೆ ಒಂದು ಆಗ್ಬುಡ್ಲಿ ಅಂತ."

ಆ ಮಾತಿಗೆ ಶಿಲ್ಪಶ್ರೀಗೆ ಅಳು ಬರಲಿಲ್ಲ. ಕೈಯಲ್ಲಿದ್ದ ಕತ್ತರಿಯನ್ನು ಟ್ರೇಗೆ ಎಸೆದಳು. ನಾನು ಕೇಳಿದ್ದೆನಾ?

ಹನ್ನೆರಡು ದಿನದ ಹಿಂದೆ, ಸ್ನಾನ ಮಾಡುವಾಗ, ಅವಳದೇ ಕರಡಿಗೆಯ ಕೆಳಗೆ ಅವಳ ಬೆರಳು ನಿಂತಿತು. ಒತ್ತಿರಬೇಕು ಎಂದಿತು ಬಾಯಿ. ತನ್ನದೇ ದನಿ ಕೇಳಿ ಬೆಚ್ಚಿದಳು. ಶಿವದಾರವನ್ನು ಗಿಡ್ಡ ಮಾಡಿ ಕರಡಿಗೆಯನ್ನು ಗಂಟಲ ಹತ್ತಿರಕ್ಕೆ ಏರಿಸಿಕೊಂಡು ಹತ್ತು ದಿನ ಕಾದಳು. ಗಂಟು ಇದ್ದಲ್ಲೇ ಇತ್ತು. ಮ್ಯಾಮೊಗ್ರಾಂ ಕೋಣೆಯ ಅನುಗೆ ಮಾತ್ರ ಹೇಳಿ ಇವತ್ತು ಮೂರೂವರೆಗೆ ಹೆಸರು ಬರೆಸಿದ್ದಳು.

*

ಮಣ್ಣು ಮಾಡಿ ಶ್ರೀರಾಂಪುರದ ಮನೆಗೆ ಮರಳುವಾಗ ಎರಡೂವರೆ. ಗುರುಕಿರಣನ ತಾಯಿ ಕಾಫಿ ಲೋಟ ಹಿಡಿದು ನಡುಮನೆಯಲ್ಲಿ ಕೂತಿದ್ದರು.

"ಹಾರ್ಟಂತೆ, ಪಾಪ?"

"ಹೂಂ ಕಣ್ರಮ್ಮ, ಇದ್ದಕ್ಕಿದ್ದಂಗೆ," ಎಂದರು ಮಹದೇವಪ್ಪ.

"ಇದ್ದಕ್ಕಿದ್ದಂಗೆ ಅಲ್ಲ." ಬಾಗಿಲ ಬಳಿ ನಿಂತಿದ್ದ ಶಿಲ್ಪಶ್ರೀಯ ದನಿ ಮೆಲ್ಲಗೇ ಇತ್ತು. "ಎದೆ ಕ್ಯಾನ್ಸರ್. ಒಂದು ವರ್ಷ ಮುಚ್ಚಿಟ್ಕೊಂಡಿದ್ರು. ಪಟ್ಟಿ ಕಟ್ಟಿದ್ದು ನಾನು."

"ಶಿಲ್ಪಾ, ಒಳಗೆ ಹೋಗು."

"ಆಸ್ಪತ್ರೆಗೆ ಹೋಗ್ತೀನಿ ಅಪ್ಪಾಜಿ. ನನಗೂ ಗಂಟಿದೆ. ಮೂರೂವರೆಗೆ ಪರೀಕ್ಷೆ."

ಆ ತಾಯಿ ಲೋಟವನ್ನು ನೆಲದ ಮೇಲಿಟ್ಟರು. ಅಮ್ಮ ಓಡಿಬಂದು ಮಗಳ ತೋಳು ಹಿಡಿದಳು. ಮೊದಲು ಮುಖ ನೋಡಿದಳು, ಆಮೇಲೆ ಕೂತಿದ್ದ ಬೀಗರಾಗಬೇಕಾದವರನ್ನು.

"ಇವತ್ತೇ ಯಾಕೆ? ಸೂತಕ ಅಲ್ವಾ?"

"ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಈಗಷ್ಟೇ ಮಣ್ಣು ಮಾಡ್ಸಿದ ಅಯ್ನೋರು ಹೇಳಿದ್ರಲ್ಲ. ಬಿಡಮ್ಮ ಕೈ. ಅತ್ತೇನೂ ಹೀಗೇ ಹಿಡ್ಕೊಂಡ್ರಿ."

ಅಮ್ಮನ ಕೈ ಸಡಿಲವಾಯಿತು. ಮೂಲೆಯಲ್ಲಿ ಕೂತಿದ್ದ ಮಹದೇವಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಡೀರಿ ಸಿಸ್ಟರ್. ಆಟೋ ಇಡ್ಕತೀನಿ."

*

"ಕತ್ತಿನಲ್ಲಿರೋದು ತೆಗೀಬೇಕು ಕಣೆ," ಎಂದಳು ಅನು.

ಎಷ್ಟು ಹೆಂಗಸರಿಗೆ ತಾನೇ ಹೇಳಿದ ಮಾತು. ಶಿಲ್ಪಶ್ರೀ ಶಿವದಾರ ಬಿಚ್ಚಿ, ಕರಡಿಗೆಯನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬೆರಳು ಮಡಿಸಿ ಯಂತ್ರದ ಮುಂದೆ ನಿಂತಳು. ಉಗುರುಸಂದಿಯಲ್ಲಿ ಇನ್ನೂ ಅತ್ತೆಗೆ ಹಾಕಿದ ಮಣ್ಣಿತ್ತು.

ಆ ಕೈಯನ್ನೇ ನೋಡಿದಳು. ಅಪ್ಪ ಅತ್ತೆಯ ಬೆರಳು ಮಡಿಸಿದ್ದೂ ಹೀಗೇ. ಒಂದೊಂದೇ ಬೆರಳು ಬಿಡಿಸಿದಳು.

"ಹಿಡ್ಕೊಂಡಿರು," ಎಂದು ಕರಡಿಗೆಯನ್ನು ಅನುವಿನ ಕೈಗೆ ಕೊಟ್ಟಳು. "ಆದ್ಮೇಲೆ ಇಸ್ಕೋತೀನಿ."

ಆಮೇಲೆ ಬರಿಗೈಯಲ್ಲಿ ಯಂತ್ರದ ಹಿಡಿಯನ್ನು ಹಿಡಿದು, ತಣ್ಣನೆಯ ತಟ್ಟೆಗೆ ಎದೆ ಕೊಟ್ಟಳು.